ಸೀಟಿನಡಿಯ ಡಬ್ಬ

ಬಗ್ಗಿ ಗಾಡಿ ಕಟ್ಟುವ ಹುಚ್ಚಿದ್ದವರೆಲ್ಲ ಅವಳನ್ನು ಟ್ಯಾಂಕಿ ಅಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕಾರು ಬಿಚ್ಚಿ, ಪೈಪು ಬೆಸೆದು, ಗುಡ್ಡ ಹತ್ತುವ ಬಗ್ಗಿ ಮಾಡಿಕೊಳ್ಳುವವರಿಗೆ ಅವಳು ಪೆಟ್ರೋಲ್ ಟ್ಯಾಂಕು ಮಾಡಿಕೊಡುತ್ತಿದ್ದಳು. ಒಡಹುಟ್ಟಿದ ತಮ್ಮ ಮಾತ್ರ ಅವಳನ್ನು ಕೇಳದೆ ತನ್ನ ಬಗ್ಗಿಗೆ ತಾನೇ ಟ್ಯಾಂಕು ಕೂರಿಸಿಕೊಂಡ.

ಅವಳು ಅದನ್ನು ನೋಡಲು ಹೋದಳು. ಡ್ರೈವರ್ ಸೀಟಿನ ಅಡಿಯಲ್ಲಿ ಎಣ್ಣೆಯ ತಗಡಿನ ಡಬ್ಬ, ಅದಕ್ಕೆ ಸೈಕಲ್ ಟ್ಯೂಬಿನ ಕಟ್ಟು, ಮುಚ್ಚಳದ ಜಾಗದಲ್ಲಿ ಚಿಂದಿ ಬಟ್ಟೆ. ಒಸರಿದ ಪೆಟ್ರೋಲಿನಿಂದ ಸೀಟಿನ ಸ್ಪಂಜು ನೆನೆದುಹೋಗಿತ್ತು. ಅದೇ ಸೀಟಿನಲ್ಲಿ ತಮ್ಮ ತನ್ನ ಪುಟ್ಟ ಮಗಳನ್ನು ತೊಡೆಗೇರಿಸಿಕೊಂಡು ಹಲ್ಲು ಕಿರಿಯುತ್ತಿದ್ದ.

“ಸ್ವಲ್ಪ ಸೋರುತ್ತೆ, ಅಷ್ಟೇ ಅಕ್ಕ.”

“ಇಳಿ ಕೆಳಗೆ. ನಿನ್ನ ಮುಖ ನೋಡೋಕೂ ಹೇಸಿಗೆ ಆಗ್ತಿದೆ.”

ಅವಳು ಪೆಟ್ರೋಲ್ ಬಸಿದು, ಡಬ್ಬವನ್ನು ತುಳಿದು ಚಪ್ಪಟೆ ಮಾಡಿದಳು. ತಮ್ಮ ಮುಖ ಊದಿಸಿಕೊಂಡು ಒಳಗೆ ಹೋದ. ಅವಳೇ ದಪ್ಪ ತಗಡಿನಲ್ಲಿ ಹೊಸ ಟ್ಯಾಂಕು ಬೆಸೆದು, ಪೆಟ್ರೋಲ್ ತುಳುಕದಂತೆ ಒಳಗೆ ಅಡ್ಡಗೋಡೆ ಕೊಟ್ಟಳು. ನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಎಂಜಿನ್ನಿನಿಂದ ದೂರ, ರಬ್ಬರಿನ ಮೇಲೆ ಬೋಲ್ಟು ಹಾಕಿ ಬಿಗಿದಳು.

ಮುಂದಿನ ಭಾನುವಾರ ಬಗ್ಗಿ ಇಳಿಜಾರಿನಲ್ಲಿ ಮಗುಚಿತು. ಪುಣ್ಯಕ್ಕೆ ಮಗಳು ಜೊತೆಗಿರಲಿಲ್ಲ. ತಮ್ಮನ ತೋಳು ಮುರಿಯಿತು, ಟ್ಯಾಂಕು ಮಾತ್ರ ಒಂದು ಹನಿಯೂ ಸೋರಲಿಲ್ಲ. ಆಸ್ಪತ್ರೆಯಲ್ಲಿ ಅವನು ನೋಡಲು ಬಂದವರ ಮುಂದೆಲ್ಲ, “ಟ್ಯಾಂಕು ನಾನೇ ಮಾಡಿದ್ದು, ಅದಕ್ಕೇ ಬದುಕಿದೆ,” ಎಂದು ಕೊಚ್ಚಿಕೊಳ್ಳುತ್ತಿದ್ದ. ಬಾಗಿಲಲ್ಲೇ ಅದನ್ನು ಕೇಳಿಸಿಕೊಂಡ ಅಕ್ಕ, ತಂದಿದ್ದ ಹಣ್ಣನ್ನು ಪಕ್ಕದ ಹಾಸಿಗೆಯ ಮುದುಕನಿಗೆ ಕೊಟ್ಟು, ತಮ್ಮನತ್ತ ತಿರುಗಿಯೂ ನೋಡದೆ ಮನೆಗೆ ಹೊರಟಳು.