ನೀಲಿ ಚೆಂಡುಹೂವಿನ ಹಾರ

ಕಣ್ಣಿಗೆ ಕಾಣದ್ದನ್ನು ನಂಬಿ ಎಂದು ಬರುವವರ ಮಾತಿಗೆ ನಾನು ಯಾವತ್ತೂ ಬೆಲೆ ಕೊಟ್ಟವಳಲ್ಲ. ಮೂವತ್ತು ವರ್ಷ ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ್ದೇನೆ. ದೆವ್ವ ಕಂಡಿತು, ಸತ್ತವರು ಬಂದು ಎಚ್ಚರಿಸಿದರು ಎಂಬ ವರದಿ ಬಂದರೆ, 'ಯಾರು ನೋಡಿದರು? ಎಷ್ಟು ಗಂಟೆಗೆ? ಬೆಳಕು ಹೇಗಿತ್ತು?' ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸುತ್ತಿದ್ದೆ. ಅಂಥ ವರದಿಗಳು ಮತ್ತೆ ನನ್ನ ಮೇಜಿಗೆ ಬಂದದ್ದು ಕಡಿಮೆ. ಈಗ ಆ ಮೂರು ಪ್ರಶ್ನೆಗಳಿಗೆ ನಾನೇ ಉತ್ತರ ಕೊಡಬೇಕಾಗಿದೆ. ನೋಡಿದವರು ಇಬ್ಬರು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಟ್ಯೂಬ್‌ಲೈಟ್ ಉರಿಯುತ್ತಿತ್ತು, ಕಿಟಕಿಯೂ ತೆರೆದಿತ್ತು.

ನನ್ನ ತಮ್ಮ ನಟರಾಜ ಅತ್ತಿಗುಪ್ಪೆಯಲ್ಲಿ ನಲ್ಲಿ, ಪೈಪು, ಸಿಂಕು ಮಾರುವ ಅಂಗಡಿ ಇಟ್ಟಿದ್ದಾನೆ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡಾಗ ಅವನಿಗೆ ಹನ್ನೊಂದು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು. ಅವನಿಗೆ ತಲೆ ಬಾಚಿ ಶಾಲೆಗೆ ಬಿಟ್ಟು ಬಂದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ಮದುವೆಯಾಗಲಿಲ್ಲ. ನನ್ನವರು ಎಂದು ಹೇಳಿಕೊಳ್ಳಲು ಇರುವುದು ಅವನು, ಅವನ ಹೆಂಡತಿ ಮತ್ತು ಮಗಳು ಸಿಂಚನಾ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಮಾತೆಲ್ಲ ಅವನ ಜೀವದ ಬಗ್ಗೆ.

ಅವನ ಮದುವೆಯ ವಿಡಿಯೋಗೆ ಮಿಕ್ಸಿಂಗ್ ಮಾಡಿದವರು ವಿಜಯನಗರದ ಗೋಪಿನಾಥ್. ಚಿತ್ರೀಕರಿಸಿದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ಇಲ್ಲಿ ಮಿಕ್ಸಿಂಗ್ ಎನ್ನುತ್ತಾರೆ. ಆಗಿನ ವಾಡಿಕೆಯಂತೆ ಮೊದಲು ಗಣಪತಿ, ಮನೆದೇವರು, ನಂತರ ತೀರಿಕೊಂಡ ಹಿರಿಯರ ಫೋಟೋ. ಎರಡೂ ಕಡೆ ದೀಪ ಹೊತ್ತಿಕೊಳ್ಳುತ್ತದೆ. ಮೇಲಿನಿಂದ ಚೆಂಡುಹೂವಿನ ಹಾರ ಇಳಿದು ಬಂದು ಫೋಟೋದ ಮೇಲೆ ಕೂರುತ್ತದೆ. ನಮ್ಮ ವಿಡಿಯೋದಲ್ಲಿ ಹಾರ ಬೀಳುತ್ತಿದ್ದುದು ಅಪ್ಪನ ಕಪ್ಪು ಬಿಳುಪು ಫೋಟೋ ಒಂದಕ್ಕೇ.

ಏಳು ವರ್ಷದ ಹಿಂದೆ ಅಮ್ಮನೂ ತೀರಿಕೊಂಡಳು. ಡಿವಿಡಿ ಆ ಹೊತ್ತಿಗೆ ಗೀರು ಬಿದ್ದು ಓಡುವುದನ್ನು ನಿಲ್ಲಿಸಿತ್ತು. ಅಪ್ಪನ ನಂತರ ಅಮ್ಮನ ಫೋಟೋವನ್ನೂ ಸೇರಿಸಿ ಹೊಸ ಪ್ರತಿ ಮಾಡಿಸಿದರೆ ವರ್ಷದ ತಿಥಿಯ ದಿನ ಮನೆಯವರೆಲ್ಲ ಕೂತು ನೋಡಬಹುದು ಎಂದು ನಟರಾಜನಿಗೆ ಆಸೆ. ಅಂಗಡಿ ಬಿಟ್ಟು ಬರಲಾಗದೆ ನನ್ನನ್ನು ಕಳಿಸಿದ.

ಗೋಪಿನಾಥ್ ಹಳೆಯ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಆ ಮದುವೆಯ ಮಿಕ್ಸಿಂಗ್ ಫೈಲನ್ನು ಅವರ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಓದುತ್ತಿರಲಿಲ್ಲ. ಓದಬಲ್ಲ ಹಳೆಯ ಸಾಫ್ಟ್‌ವೇರ್ ಹೊಸ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಿಲ್ಲುತ್ತಿರಲಿಲ್ಲ.

"ಕಂಪ್ಯೂಟರ್‌ಗೆ ಸುಳ್ಳು ಹೇಳ್ಬೇಕು ಮೇಡಂ," ಎಂದರು. "ನೀನು ಹಳೇ ಮಿಷನ್ನು, ಈಗ ನಡೀತಿರೋದು ಹಳೇ ವರ್ಷ ಅಂತ. ಆಗ ನಂಬ್ಕೊಂಡು ಓಪನ್ ಆಗುತ್ತೆ."

"ನಂಬುತ್ತಾ?"

"ಮನುಷ್ಯರಿಗಿಂತ ಬೇಗ ನಂಬುತ್ತೆ," ಎಂದು ನಕ್ಕರು.

ಹಳೆಯ ಸಿಸ್ಟಮ್‌ನಂತೆ ನಡೆದುಕೊಳ್ಳುವ ಹಾಗೆ ಯಾವುದೋ ಸೆಟ್ಟಿಂಗ್ ಬದಲಿಸಿದರು. ಸಾಫ್ಟ್‌ವೇರಿನ ಪರವಾನಗಿ ಮುಗಿದಿದ್ದರಿಂದ ಕಂಪ್ಯೂಟರಿನ ದಿನಾಂಕವನ್ನು ತಮ್ಮನ ಮದುವೆಯ ತಿಂಗಳಿಗೆ ತಿರುಗಿಸಿದರು. ಎರಡು ಸಲ ತಾನಾಗಿ ಮುಚ್ಚಿಕೊಂಡದ್ದು ಮೂರನೆಯ ಸಲ ತೆರೆದುಕೊಂಡಿತು. ನಾನು ಅಭ್ಯಾಸದಂತೆ ಟಿಪ್ಪಣಿ ಪುಸ್ತಕ ತೆಗೆದು ಗಂಟೆ ಬರೆದುಕೊಂಡೆ. ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ ಬರುವ ಹಾಗೆ ಕಟ್ಟಿಕೊಳ್ಳುವುದು ಡೆಸ್ಕಿಗೆ ಬರುವ ಮೊದಲಿನ ನನ್ನ ವರದಿಗಾರಿಕೆಯ ದಿನಗಳ ರೂಢಿ. ಪುಸ್ತಕ ಹಿಡಿದ ಕೈಯನ್ನು ತಿರುಗಿಸದೆ ಗಂಟೆ ನೋಡಬಹುದು.

ಪರದೆಯ ಮೇಲೆ ಎಲ್ಲರ ಮುಖವೂ ನೀಲಿಯಾಗಿತ್ತು. ಮದುಮಗಳ ಕೆಂಪು ಸೀರೆ ಕಡುನೀಲಿ. ನನ್ನ ಮುಖದಲ್ಲಿ ಗಾಬರಿ ಕಂಡಿರಬೇಕು. "ಏನಿಲ್ಲ ಮೇಡಂ, ಕೆಂಪು ನೀಲಿ ಅದಲು ಬದಲಾಗಿದೆ. ಹೊಸಾ ಸಿಸ್ಟಮ್‌ನಲ್ಲಿ ಹಳೇ ಸಾಫ್ಟ್‌ವೇರ್ ಹೀಗೇ ಆಡುತ್ತೆ. ಕೊನೇಲಿ ಸರಿ ಮಾಡ್ಕೊಡ್ತೀನಿ," ಎಂದರು. ಅದನ್ನೂ ಬರೆದುಕೊಂಡೆ.

ಅಪ್ಪನ ಫೋಟೋ ಇದ್ದ ತುಂಡನ್ನು ನಕಲು ಮಾಡಿ, ಅದರ ನಂತರಕ್ಕೆ ಜೋಡಿಸಿ, ನಾನು ತಂದಿದ್ದ ಅಮ್ಮನ ಫೋಟೋ ಹಾಕಿದರು. ಓಡಿಸಿದರು. ದೀಪಗಳು ಹೊತ್ತಿಕೊಂಡವು. ನೀಲಿ ಚೆಂಡುಹೂವಿನ ಹಾರ ಇಳಿದು ಬಂದು ಅಪ್ಪನ ಮೇಲೆ ಕೂತಿತು. ಬಳಿಕ ಅಮ್ಮ, ಹಣೆಯಲ್ಲಿ ನೀಲಿ ಕುಂಕುಮ, ಕೊರಳಿಗೆ ನೀಲಿ ಹಾರ. ಅಲ್ಲಿಗೆ ಮುಗಿಯಬೇಕಿತ್ತು. ದೀಪಗಳು ಮತ್ತೆ ಹೊತ್ತಿಕೊಂಡವು. ಮೂರನೆಯ ಫೋಟೋ ಬಂತು. ಅದರ ಮೇಲೂ ಹಾರ ಇಳಿಯಿತು.

ಅದು ನಟರಾಜ.

ಆಗಿನ ನಟರಾಜನಲ್ಲ, ಮದುಮಗನಾಗಿದ್ದ ನಟರಾಜನೂ ಅಲ್ಲ. ಅವನು ಮೀಸೆ ಬಿಟ್ಟವನೇ ಅಲ್ಲ, ಫೋಟೋದಲ್ಲಿ ಅರೆನರೆತ ಮೀಸೆ ಇತ್ತು. ಆಕಾಶನೀಲಿ ಅಂಗಿ. ಹಿಂದೆ ಕಡುನೀಲಿ ಗೋಡೆ. ನಗುತ್ತಿದ್ದ, ಕಣ್ಣಂಚು ಒದ್ದೆಯಾದ ಹಾಗಿತ್ತು. ಬಲಭುಜದ ಮೇಲೆ ಬೇರೆ ಯಾರದೋ ಕೈ, ಮಣಿಕಟ್ಟಿನವರೆಗೆ ಮಾತ್ರ.

ಶ್ರದ್ಧಾಂಜಲಿ ಪುಟವನ್ನು ಬಹಳ ವರ್ಷ ನೋಡಿಕೊಂಡವಳು ನಾನು. ಒಬ್ಬರೇ ನಿಂತು ತೆಗೆಸಿಕೊಂಡ ಫೋಟೋ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಗುಂಪಿನಿಂದ ಕತ್ತರಿಸಿ ತರುತ್ತಾರೆ. ಅಂಚಿನಲ್ಲಿ ಪಕ್ಕದವರ ಸೆರಗು, ಭುಜದ ಮೇಲೆ ಇನ್ಯಾರದೋ ಬೆರಳು ಉಳಿದಿರುತ್ತದೆ. ಇದೂ ಹಾಗೆ ಕತ್ತರಿಸಿದ ಫೋಟೋ. ಕೈಗೆ ಗಡಿಯಾರ ಕಟ್ಟಿತ್ತು, ಆದರೆ ಮುಖ ಇರಬೇಕಾದ ಕಡೆ ಪಟ್ಟಿಯ ಬಕಲ್ ಕಾಣುತ್ತಿತ್ತು. ನಾನು ನನ್ನ ಎಡಗೈಯನ್ನು ನೋಡಿಕೊಂಡೆ.

ಗೋಪಿನಾಥ್ ಓಡುತ್ತಿದ್ದುದನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು ಮತ್ತೆ ಓಡಿಸಿದರು. ಅಪ್ಪ, ಅಮ್ಮ, ಆಮೇಲೆ ಛತ್ರದ ಬಾಗಿಲು. ಎಷ್ಟು ಸಲ ಓಡಿಸಿದರೂ ಎರಡೇ. ಕೆಳಗೆ ಜೋಡಿಸಿದ್ದ ತುಂಡುಗಳೂ ಎರಡೇ. ಇಡೀ ಡಿಸ್ಕ್ ಹುಡುಕಿದರು, ನನ್ನ ಪೆನ್ ಡ್ರೈವ್ ಹುಡುಕಿದರು. ಅಂಥ ಫೋಟೋ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ನಾನು ಕಂಡದ್ದನ್ನೆಲ್ಲ ಬರೆದುಕೊಂಡಿದ್ದೆ.

"ಬೇರೆ ಗಿರಾಕಿದು ಯಾವ್ದೋ ಹಳೇ ಫೈಲ್ ಸಿಕ್ಕಾಕೊಂಡು ಬಂದಿರುತ್ತೆ," ಎಂದರು. ಪೆನ್ ಡ್ರೈವನ್ನು ಕಿತ್ತು ನನ್ನ ಮುಂದಿಟ್ಟರು. "ಮೇಡಂ, ಅದು ನಟ್ರಾಜಣ್ಣ ಅಲ್ವಾ?"

ನಾನು ಚೀಲದಲ್ಲಿ ಫೋನ್ ಹುಡುಕತೊಡಗಿದೆ.

"ಚೆನ್ನಾಗಿದಾರೆ ತಾನೆ?"

ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. ಊಟ ಮುಗಿಸಿ ಅಂಗಡಿಯಲ್ಲಿ ಕೂತಿದ್ದ. "ಏನಕ್ಕಾ, ಆಯ್ತಾ? ಅಮ್ಮ ಚೆನ್ನಾಗಿ ಬಂದಿದಾಳಾ?" ಎಂದ. ಡಿಸ್ಕ್ ಕೆಟ್ಟುಹೋಗಿದೆ, ಆಗುವುದಿಲ್ಲವಂತೆ ಎಂದೆ. ಗೋಪಿನಾಥ್ ಆ ಸುಳ್ಳನ್ನು ತಿದ್ದಲಿಲ್ಲ. ಡಿಸ್ಕನ್ನು ನನ್ನ ಕೈಗೆ ಕೊಟ್ಟು, "ಕೋಪ ಮಾಡ್ಕೋಬೇಡಿ, ಈ ಕೆಲ್ಸ ನನ್ ಕೈಲಿ ಬೇಡ," ಎಂದರು.

ಆ ದಿನದಿಂದ ನನ್ನ ಮನಸ್ಸು ಎರಡು ಪಾಲಾಯಿತು. ಹಳೆಯ ಸಾಫ್ಟ್‌ವೇರು, ಹೊಸ ಸಿಸ್ಟಮ್ಮು, ಎಲ್ಲಿಯದೋ ಚಿತ್ರ ಇಣುಕಿತು, ಮುಖದ ಹೋಲಿಕೆ ಕಂಡು ಇಬ್ಬರೂ ಮೋಸಹೋದೆವು ಎನ್ನುತ್ತಿತ್ತು ಒಂದು ಪಾಲು. ಇನ್ನೊಂದು ಪಾಲು ಟಿಪ್ಪಣಿ ಪುಸ್ತಕವನ್ನು ತೆರೆದು ಓದುತ್ತಿತ್ತು. ಆ ಫೋಟೋ ಹುಟ್ಟಬೇಕಾದರೆ ನಾನು ಅವನ ಪಕ್ಕ ನಿಂತು ಭುಜದ ಮೇಲೆ ಕೈ ಇಡಬೇಕು. ಇಡದಿದ್ದರೆ ಫೋಟೋ ಇಲ್ಲ. ಫೋಟೋ ಇಲ್ಲದಿದ್ದರೆ ಹಾರ ಎಲ್ಲಿಂದ ಬೀಳುತ್ತದೆ? ಇದು ತರ್ಕವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಂದಿನಿಂದ ಅವನ ಜೊತೆ ಒಂದು ಫೋಟೋಗೂ ನಿಲ್ಲಲಿಲ್ಲ. ಹಬ್ಬಕ್ಕೆ ಅವನಿಗೆ ಬಟ್ಟೆ ತರುವುದು ನಾನೇ. ನೀಲಿಯ ಒಂದು ಎಳೆಯೂ ಇರದಂತೆ ನೋಡಿಕೊಂಡೆ. ಅವನ ಬೀರುವಿನಲ್ಲಿದ್ದ ಆಕಾಶನೀಲಿ ಅಂಗಿಯೊಂದನ್ನು ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡು ಬಂದು ಹಳೆ ಬಟ್ಟೆಯವಳಿಗೆ ಕೊಟ್ಟೆ. ವರ್ಷಕ್ಕೊಮ್ಮೆ ಹಟ ಹಿಡಿದು ಹೃದಯದ ತಪಾಸಣೆ ಮಾಡಿಸಿದೆ. ಪ್ರತಿ ಸಲವೂ ಏನೂ ಇಲ್ಲ ಎಂದರು.

ಎರಡು ವರ್ಷದ ನಂತರ ಒಂದು ಭಾನುವಾರ ಅವನ ಮನೆಗೆ ಹೋದರೆ ಮೀಸೆ ಬಿಟ್ಟಿದ್ದ. ಚಪ್ಪಲಿ ಬಿಡುತ್ತಿದ್ದವಳು ಬಾಗಿಲಲ್ಲೇ ನಿಂತುಬಿಟ್ಟೆ.

"ಹೆಂಗಿದೆ ಅಕ್ಕಾ? ನಿನ್ ನಾದಿನಿ ಪೊಲೀಸ್ ಥರ ಇದೆ ಅಂತಾಳೆ."

"ತೆಗೆಸೋ. ಚೆನ್ನಾಗಿಲ್ಲ."

"ಮೀಸೆಗೂ ನಿನ್ ಪರ್ಮಿಶನ್ ಬೇಕಾ? ನೀನು ಡೆಸ್ಕಲ್ಲಿದ್ದಾಗ್ಲೂ ಹಿಂಗೇನಾ, ಬಂದಿದ್ದನ್ನೆಲ್ಲ ಕಟ್ ಮಾಡ್ತಿದ್ಯಾ?" ಎಂದು ನಕ್ಕ. ತೆಗೆಸಲಿಲ್ಲ.

ಆ ವಾರವೇ ಗೋಪಿನಾಥ್ ಅವರನ್ನು ಹುಡುಕಿಕೊಂಡು ಹೋದೆ. ಬಣ್ಣ ಕೆಟ್ಟದ್ದು, ಅಪ್ಪ ಅಮ್ಮನ ಫೋಟೋ, ಎಲ್ಲ ನೆನಪಿದೆ ಎಂದರು. ಮೂರನೆಯದು ಎಂದಾಗ, "ಮೂರನೇದಾ? ಇಲ್ಲ ಮೇಡಂ, ಎರಡೇ," ಎಂದು ಕಂಪ್ಯೂಟರ್ ಕಡೆಗೆ ತಿರುಗಿದರು. ಮರೆತರೋ, ಮರೆಯಬೇಕೆಂದಿದ್ದರೋ ತಿಳಿಯಲಿಲ್ಲ. ಇದ್ದ ಒಬ್ಬ ಸಾಕ್ಷಿಯೂ ಕೈಬಿಟ್ಟ ಹಾಗಾಯಿತು.

ಕಳೆದ ಬೇಸಗೆಯಲ್ಲಿ ನಟರಾಜ ಕೆಂಗೇರಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ಹೋದ ಕೂಡಲೇ ಗೋಡೆಗಳನ್ನೆಲ್ಲ ನೋಡಿಕೊಂಡು ಬಂದೆ. ಒಳಗೆ ಬಿಳಿ, ಎದುರುಗಡೆ ಗಾರೆ ಮೆತ್ತದ ಇಟ್ಟಿಗೆಯ ಕೆಂಪು. ಮಗಳು ಕೊಡಿಸಿದ ತಿಳಿ ಕೇಸರಿ ಅಂಗಿ ಹಾಕಿದ್ದ. ಎಲ್ಲಿಯೂ ನೀಲಿ ಇರಲಿಲ್ಲ. ಬಹಳ ದಿನಗಳ ನಂತರ ಎದೆ ಹಗುರಾಗಿತ್ತು.

ಪೂಜೆ ಮುಗಿದ ಮೇಲೆ ಅವನು ಹೊರಗೆ ಗೋಡೆಯ ಹತ್ತಿರ ಒಬ್ಬನೇ ನಿಂತಿದ್ದ. ನಾನು ಹೋದಾಗ ಕಣ್ಣು ಒರೆಸಿಕೊಂಡ.

"ಅಮ್ಮ ಇರ್ಬೇಕಿತ್ತು ಅಲ್ವಾ ಅಕ್ಕ? ಇಲ್ಲೇ ಒಂದ್ ಕುರ್ಚಿ ಹಾಕ್ಕೊಂಡು ಎಲ್ರಿಗೂ ಬೈತಾ ಕೂತಿರೋಳು."

"ಮೊದ್ಲು ನಿನ್ ಮೀಸೆಗೆ ಬೈಯೋಳು," ಎಂದೆ.

ಅವನು ನಕ್ಕ. ನನ್ನ ಕೈ ತಾನಾಗಿ ಅವನ ಭುಜಕ್ಕೆ ಹೋಯಿತು. "ಅತ್ತೆ, ಅಪ್ಪಾ, ಇಲ್ನೋಡಿ!" ಎಂದಳು ಸಿಂಚನಾ. ನೋಡಿದೆವು.

ರಾತ್ರಿ ಮನೆಗೆ ಬಂದು, ಮುಟ್ಟಿದೆ ಎಂದು ತಿಳಿಸಲು ಅವನಿಗೆ ಫೋನ್ ಮಾಡಿದೆ. ಅವನು ಆಗಲೇ ಡಿಪಿ, ಅಂದರೆ ಕರೆ ಮಾಡಿದಾಗ ಪರದೆಯಲ್ಲಿ ಕಾಣುವ ಚಿತ್ರ, ಬದಲಿಸಿದ್ದ. ಕೆಂಪು ಗೋಡೆ, ಕೇಸರಿ ಅಂಗಿ, ಅರೆನರೆತ ಮೀಸೆ, ಒದ್ದೆ ಕಣ್ಣಿನ ನಗು. ತನ್ನೊಬ್ಬನ ಮುಖ ಬರುವ ಹಾಗೆ ಕತ್ತರಿಸಿಕೊಂಡಿದ್ದ. ಭುಜದ ಮೇಲೆ ನನ್ನ ಕೈ ಮಣಿಕಟ್ಟಿನವರೆಗೆ ಉಳಿದಿತ್ತು. ಬಕಲ್ ಕಾಣುತ್ತಿತ್ತು.

ಟಿಪ್ಪಣಿ ಪುಸ್ತಕ ತೆಗೆದೆ. 'ಆಕಾಶನೀಲಿ ಅಂಗಿ, ಕಡುನೀಲಿ ಗೋಡೆ' ಎಂದಿತ್ತು. ಅದೇ ಪುಟದಲ್ಲಿ, ಆರು ಸಾಲು ಮೇಲೆ, ನನ್ನದೇ ಅಕ್ಷರದಲ್ಲಿ: 'ಕೆಂಪು ನೀಲಿ ಅದಲು ಬದಲು.' ಕೆಂಪು ಕುಂಕುಮ ನೀಲಿಯಾದದ್ದನ್ನು, ಚೆಂಡುಹೂವು ನೀಲಿಯಾದದ್ದನ್ನು ಕಣ್ಣಾರೆ ಕಂಡವಳು ನಾನು. ಮೂವತ್ತು ವರ್ಷ ಬೇರೆಯವರ ಬರಹ ತಿದ್ದಿದವಳು ನನ್ನದೇ ಒಂದು ಪುಟದ ಎರಡು ಸಾಲನ್ನು ಕೂಡಿಸಿ ಓದಲಿಲ್ಲ. ಐದು ವರ್ಷ ತಪ್ಪು ಬಣ್ಣಕ್ಕೆ ಹೆದರಿ ಕಾವಲು ಕಾದೆ.

ಮರುದಿನವೇ ಆ ಚಿತ್ರ ಬದಲಿಸು ಎಂದೆ. "ಯಾಕೆ?" ಎಂದ. ಚೆನ್ನಾಗಿ ಬಂದಿಲ್ಲ ಎಂದೆ. "ಎಷ್ಟ್ ವರ್ಷ ಆದ್ಮೇಲೆ ನನ್ ಪಕ್ಕ ನಿಂತಿದೀಯ ಗೊತ್ತಾ? ಏನ್ ತಪ್ಪು ಮಾಡಿದೀನೋ, ಅಕ್ಕ ಹತ್ರಾನೇ ಬರಲ್ಲ ಅಂತ ಅನ್ಕೊಂಡಿದ್ದೆ. ಅದನ್ನ ತೆಗೀತೀನಾ? ಹೋಗಕ್ಕಾ," ಎಂದ.

ನಾನು ಆ ಮಧ್ಯಾಹ್ನ ಕಂಡದ್ದು ಏನು ಎಂದು ಇಂದಿಗೂ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ನಟರಾಜ ಆರೋಗ್ಯವಾಗಿದ್ದಾನೆ. ಬೆಳಗ್ಗೆ ಏಳಕ್ಕೆ ಅಂಗಡಿಯ ಬೀಗ ತೆಗೆಯುತ್ತಾನೆ, ಆ ಹೊತ್ತಿಗೆ ನಾನು ತಪ್ಪದೆ ಫೋನ್ ಮಾಡುತ್ತೇನೆ. ಅವನು ಎತ್ತುವವರೆಗೆ ಆ ಫೋಟೋ ಪರದೆ ತುಂಬ ನಿಂತಿರುತ್ತದೆ. ಮೂರು ರಿಂಗು, ನಾಲ್ಕು ರಿಂಗು. ಅವನ ಕೈಯಲ್ಲಿ ಬೀಗ ಇರುತ್ತದೆ, ಸ್ವಲ್ಪ ತಡವಾಗುತ್ತದೆ ಎಂದು ನನಗೆ ಗೊತ್ತು. ಆದರೂ ನಾನು ಆ ಫೋಟೋದ ಮೇಲ್ಗಡೆಯ ಖಾಲಿ ಜಾಗವನ್ನೇ ನೋಡುತ್ತಿರುತ್ತೇನೆ.