ಸ್ವೀಟ್ ಬಾಕ್ಸಿನಲ್ಲಿ ತೀರ್ಥಹಳ್ಳಿಗೆ ಹೋದ ಫೋನು

ಹೊಸ ಬ್ಯಾಟರಿ ಹಾಕಿಸಿದ ಮೇಲೆ ನನ್ನ ಫೋನು ಬಿಸಿಯಾಗತೊಡಗಿತು. ಕೈ ಸುಡುವಷ್ಟೇನಲ್ಲ. ಜ್ವರ ಬಿಟ್ಟೂ ಬಿಡದ ಮಗುವಿನ ಹಣೆಯ ಹಾಗೆ ಇಡೀ ದಿನ ಬೆಚ್ಚಗೆ. ಮಾತಾಡಿದರೆ ಬಿಸಿ ಆಗುವುದು ಸರಿ, ಬ್ಯಾಗಿನಲ್ಲಿ ಸುಮ್ಮನೆ ಬಿದ್ದಿದ್ದರೂ ಬಿಸಿ ಅಂದರೆ ಏನು ಹೇಳುವುದು?

ನಾನು ಹೊಸನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಇವರದು, ಅಂದರೆ ನನ್ನ ಗಂಡನದು, ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಫೋನಿಲ್ಲದೆ ನನ್ನ ಕೆಲಸ ಸಾಗುವುದಿಲ್ಲ. ಯಾವುದೋ ಮದುವೆಮನೆಯಲ್ಲಿ ಯಾರದೋ ಬೆನ್ನಿನ ಫೋಟೋ ಹೊಡೆದು, 'ಇಂಥದ್ದೇ ಬೇಕು ಅಕ್ಕಾ' ಅಂತ ಕಳಿಸುವವರೇ ಎಲ್ಲರೂ. ಬೆನ್ನು ಯಾರದ್ದು ಅಂತ ನಾನು ಕೇಳುವುದಿಲ್ಲ.

ಹಳೇ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಾಣ ಬಿಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಸಾಗರದಿಂದ ಬರುವಾಗ ರಸ್ತೆಗೆ ಮರ ಬಿದ್ದು ಬಸ್ಸು ನಿಂತುಬಿಟ್ಟಿತು. ಫೋನು ಅದಕ್ಕೂ ಮೊದಲೇ ಸತ್ತಿತ್ತು. ಹೊಸನಗರ ಮುಟ್ಟಿದಾಗ ಇವರು ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ಕೊಡೆ ಇದ್ದರೂ ಬಿಚ್ಚದೆ, ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಒಂದು ಮಾತು ಬೈಯಲಿಲ್ಲ. ಮುಂದಿನ ಸಲ ಅಂಗಡಿಗೆ ಪೇಪರ್ ತರಲು ತೀರ್ಥಹಳ್ಳಿಗೆ ಹೋದಾಗ ನನ್ನ ಫೋನನ್ನೂ ಒಯ್ದು, ಬ್ಯಾಟರಿ ಬದಲಾಯಿಸಿಕೊಂಡು ಬಂದರು. ಅವತ್ತು ರಾತ್ರಿ ಅದನ್ನು ಹಿಡಿದುಕೊಂಡು ಏನೇನೋ ಒತ್ತುತ್ತಾ ಕೂತಿದ್ದರು. ಸೆಟ್ಟಿಂಗ್ ಸರಿಮಾಡುತ್ತಿದ್ದಾರೆ ಅಂದುಕೊಂಡು ನಾನು ಮಲಗಿದೆ.

ಸಾಗರದ ವಿಷಯ ಇಲ್ಲಿ ಹೇಳಬೇಕು. ಲೈನಿಂಗು, ದಾರ, ಹುಕ್ಕು ತರಲು ನಾನು ಆಗಾಗ ಅಲ್ಲಿಗೆ ಹೋಗುತ್ತೇನೆ. ಇವೆಲ್ಲ ಹೊಸನಗರದಲ್ಲಿ ಸಿಗದ ವಸ್ತುಗಳೇನಲ್ಲ. ಖರೀದಿ ಮುಗಿಸಿ ಗಣಪತಿ ಕೆರೆಯ ದಂಡೆಯ ಮೇಲೆ ಕೂರುತ್ತೇನೆ. ಶೇಂಗಾ ತಿನ್ನುತ್ತೇನೆ. ಒಂದು ಬಸ್ಸು ಹೋದರೆ ಹೋಗಲಿ ಅಂತ ಬಿಡುತ್ತೇನೆ. ಅಳತೆ ತೆಗೆಯುವುದಿಲ್ಲ, ಯಾರಿಗೂ 'ನಾಳೆ ಕೊಡ್ತೀನಿ' ಅನ್ನುವುದಿಲ್ಲ, ರಾತ್ರಿಗೆ ಏನು ಸಾರು ಅಂತ ಯೋಚಿಸುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಅದರಲ್ಲಿ? ಆದರೆ ಹೇಳಿದರೆ 'ನಾನೂ ಬರ್ತಿದ್ನಲ್ಲ' ಅಂದುಬಿಡುತ್ತಾರೆ. ಇಡೀ ಸಂಸಾರದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ಹೊತ್ತು.

ಬ್ಯಾಟರಿ ಬದಲಾದ ಮೇಲೆ ಇವರೂ ಬದಲಾದರು. ನನ್ನ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವುದಕ್ಕೂ ಇವರು ಸ್ಕೂಟರ್ ತಂದು ನಿಲ್ಲಿಸುವುದಕ್ಕೂ ಸರಿಹೋಗುತ್ತಿತ್ತು. ಯಾವ ಬಸ್ಸಿಗೆ ಬರುತ್ತೇನೆಂದು ನಾನು ಹೇಳಿದ್ದಿಲ್ಲ, ಇವರು ಕೇಳಿದ್ದೂ ಇಲ್ಲ. ಕೆರೆ ದಂಡೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾಗಲೇ ಫೋನು ಬರುತ್ತಿತ್ತು: "ಎಂತ, ಸುಸ್ತಾಯ್ತಾ? ಕೂತ್ಕೊಂಡಿದ್ಯಾ?" ನನಗೆ ಖುಷಿಯೋ ಖುಷಿ. ಇಷ್ಟು ವರ್ಷ ಒಟ್ಟಿಗೆ ಬಾಳಿದರೆ ಹೀಗೇ ಗೊತ್ತಾಗುತ್ತದೇನೋ ಅಂದುಕೊಂಡೆ. ಪಕ್ಕದ ಮನೆಯವಳ ಹತ್ತಿರ ಕೊಚ್ಚಿಕೊಂಡೂ ಬಿಟ್ಟೆ. "ನಮ್ಮನೆಯವರಿಗೆ ಬಸ್ ಎಲ್ಲಿದ್ರೂ ಮನಸಿಗೇ ಗೊತ್ತಾಗ್ತದೆ ಮಾರಾಯ್ತಿ" ಅಂದೆ. ಅವಳು ಹೊಟ್ಟೆಕಿಚ್ಚಿನಿಂದ ಮುಖ ತಿರುವಿದ್ದು ನೋಡಿ ಇನ್ನಷ್ಟು ಖುಷಿಯಾಯಿತು.

ಇತ್ತ ಫೋನಿನ ಬಿಸಿ ಇಳಿಯಲಿಲ್ಲ. ಕವರ್ ತೆಗೆದೆ. ಸ್ಕ್ರೀನಿನ ಬೆಳಕು ಕಡಿಮೆ ಮಾಡಿದೆ. ಪರರ ಬೆನ್ನುಗಳನ್ನೆಲ್ಲ ಡಿಲೀಟ್ ಮಾಡಿದೆ. ಆಫ್ ಮಾಡಿ ಆನ್ ಮಾಡಿದೆ, ಇವರ ಚಾರ್ಜರ್ ಹಾಕಿ ನೋಡಿದೆ, ಅಡುಗೆಕಟ್ಟೆಯ ತಣ್ಣನೆ ಕಲ್ಲಿನ ಮೇಲೆ ಅಂಗಾತ ಮಲಗಿಸಿದೆ. ಪಕ್ಕದ ಮನೆಯವಳು ಅಕ್ಕಿ ಡಬ್ಬಿಯಲ್ಲಿ ಹುಗಿದಿಡು ಅಂದಳು. ಅದು ನೀರಿಗೆ ಬಿದ್ದ ಫೋನಿಗೆ ಅಂತ ನನಗೆ ಗೊತ್ತಿದ್ದರೂ ತಲೆ ಕೆಟ್ಟು ಅದನ್ನೂ ಮಾಡಿದೆ. ಅಕ್ಕಿಯೂ ಬೆಚ್ಚಗಾಯಿತು ಅಷ್ಟೆ. ಇವರಿಗೆ ತೋರಿಸಿದರೆ ಕಣ್ಣೆತ್ತಿಯೂ ನೋಡದೆ, "ಹೊಸ ಬ್ಯಾಟರಿ ಅಲ್ದಾ, ಸ್ವಲ್ಪ ದಿನ ಹಂಗೇ ಇರ್ತದೆ. ಸುಮ್ನೆ ಅದರ ಬೆನ್ನು ಬೀಳಬೇಡ" ಅಂದರು.

ನಾನು ಸುಮ್ಮನಿರುವವಳಲ್ಲ. ಬ್ಯಾಟರಿ ಹಾಕಿದ ತೀರ್ಥಹಳ್ಳಿಯ ಅಂಗಡಿಗೇ ಫೋನು ಮಾಡಿದೆ. "ಬಸ್ಸಿಗೆ ಹಾಕಿ ಕಳಿಸಿ ಅಕ್ಕ, ನೋಡ್ತೀನಿ. ಆದ್ರೆ ಆಫ್ ಮಾಡಬೇಡಿ. ಬಿಸಿ ಆಗೋವಾಗ್ಲೇ ನೋಡ್ಬೇಕು" ಅಂದ ಅಂಗಡಿಯವನು. ನಮ್ಮ ಕಡೆ ಬಸ್ಸಿಗೆ ಹಾಕಿ ಕಳಿಸದ ವಸ್ತು ಇಲ್ಲ. ಔಷಧಿ, ಮಲ್ಲಿಗೆ ದಂಡೆ, ಮರೆತುಹೋದ ಕನ್ನಡಕ, ಎಲ್ಲ ಕಂಡಕ್ಟರ್ ಕೈಯಲ್ಲೇ ಊರೂರು ಸುತ್ತುತ್ತವೆ. ಖಾಲಿ ಸ್ವೀಟ್ ಬಾಕ್ಸಿನಲ್ಲಿ ಲೈನಿಂಗ್ ಚೂರು ಹಾಸಿ ಫೋನು ಮಲಗಿಸಿ, ದಾರ ಸುತ್ತಿ, ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಬ್ಯಾಟರಿ ಪುರಾಣ ಕೇಳಬೇಕಿತ್ತು.

ಅವತ್ತು ಮನೆಯಲ್ಲಿ ಎಷ್ಟು ನೆಮ್ಮದಿ! ಯಾರ ಫೋನೂ ಇಲ್ಲ. ಎರಡು ಬ್ಲೌಸ್ ಮುಗಿಸಿದೆ, ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದೆ. ಇವರು ಊಟಕ್ಕೆ ಬರಲಿಲ್ಲ. ಅಂಗಡಿಯಲ್ಲಿ ರಶ್ ಇರಬೇಕು ಅಂದುಕೊಂಡೆ. ಸಂಜೆ ತೀರ್ಥಹಳ್ಳಿ ಬಸ್ಸು ಬರುವ ಹೊತ್ತಿಗೆ ಬಾಕ್ಸು ಇಸಿದುಕೊಳ್ಳಲು ಸ್ಟ್ಯಾಂಡಿಗೆ ಹೋಗಿ ನಿಂತೆ. ಜೆರಾಕ್ಸ್ ಅಂಗಡಿಯ ಶಟರ್ ಎಳೆದಿತ್ತು.

ಬಸ್ಸು ಬಂತು. ಮುಂದಿನ ಬಾಗಿಲಿನಿಂದ ಇವರು ಇಳಿದರು. ಕೈಯಲ್ಲಿ ನನ್ನ ಸ್ವೀಟ್ ಬಾಕ್ಸು.

"ಇದು ನಿಮಗೆ ಎಲ್ಲಿ ಸಿಕ್ತು?" ಅಂದೆ.

ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಲೆಗೂದಲೆಲ್ಲ ಕೆದರಿತ್ತು. "ನೀ ಮನೇಲೇ ಇದ್ಯಾ?"

"ಮತ್ತೆಲ್ಲಿ ಇರ್ತೀನಿ?"

"ಬೆಳಿಗ್ಗೆಯಿಂದ ನೀ ತೀರ್ಥಹಳ್ಳಿ ಕಡೆ ಹೋಗ್ತಾ ಇದ್ದೆ. ಫೋನ್ ಎತ್ತಲಿಲ್ಲ. ಆಮೇಲೆ ಪೇಟೆಲಿ ಒಂದೇ ಕಡೆ ನಿಂತ್ಬಿಟ್ಟೆ. ಎಂತ ಆಯ್ತೋ ಅಂತ..."

"ಯಾರು ಹೋಗ್ತಾ ಇದ್ದಿದ್ದು?"

ಇವರು ತಮ್ಮ ಫೋನಿನಲ್ಲಿ ಮ್ಯಾಪು ತೆಗೆದು ನನ್ನ ಮುಂದೆ ಹಿಡಿದರು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ನಾನು ಎಲ್ಲಿದ್ದೇನೆಂದು ನನ್ನ ಫೋನು ಹಗಲೂ ರಾತ್ರಿ ಇವರ ಫೋನಿಗೆ ಹೇಳುತ್ತಲೇ ಇತ್ತು. ಮ್ಯಾಪಿನ ಮೇಲೆ ನಾನೊಂದು ನೀಲಿ ಚುಕ್ಕಿ. ಬ್ಯಾಟರಿ ಹಾಕಿಸಿದ ರಾತ್ರಿ ಇವರು ಮಾಡಿದ್ದ ಸೆಟ್ಟಿಂಗ್ ಅದು. ಅವತ್ತು ಚುಕ್ಕಿಯ ಹಿಂದೆ ಹೊರಟು, ರಿಪೇರಿ ಅಂಗಡಿಯ ಮೇಜಿನ ಮೇಲೆ ಬಿಚ್ಚಿ ಹರವಿದ್ದ ಫೋನನ್ನು ನೋಡಿ ಬಂದಿದ್ದರು. "ಬ್ಯಾಟರಿ ಚೆನ್ನಾಗಿದೆ ಸರ್, ಲೊಕೇಶನ್ ಯಾವಾಗ್ಲೂ ಓಡ್ತಾ ಇತ್ತು, ಅದಕ್ಕೇ ಬಿಸಿ. ಆಫ್ ಮಾಡಿದೀನಿ" ಅಂದನಂತೆ ಅಂಗಡಿಯವನು.

"ಮನೆಗೆ ಒಂದ್ಸಲ ಬಂದು ನೋಡಬಹುದಿತ್ತಲ್ಲ?" ಅಂದೆ.

"ಮ್ಯಾಪಲ್ಲಿ ನೀ ಅಲ್ಲಿದ್ಯಲ್ಲ" ಅಂದರು.

ನಗು ಬಂತು. ಆಮೇಲೆ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಮೈಯೆಲ್ಲ ಉರಿಯಿತು. ಬಸ್ ಬರುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದದ್ದು, 'ಕೂತ್ಕೊಂಡಿದ್ಯಾ' ಅಂತ ಕೇಳುತ್ತಿದ್ದದ್ದು, ಎಲ್ಲ ಚುಕ್ಕಿ ನೋಡಿ. ಮನಸಿಗೇ ಗೊತ್ತಾಗುತ್ತದೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ನಾಚಿಕೆಯಾಯಿತು. ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟೆ. "ಕೆರೆ ದಂಡೆಲಿ ಕೂರ್ತೀನಿ ಅಂತಾನೂ ಗೊತ್ತಿತ್ತಾ?"

"ಗೊತ್ತಿತ್ತು. ನಾನು ಏನಾದ್ರೂ ಅಂದ್ನಾ? ಅವತ್ತು ಮರ ಬಿದ್ದಾಗ ನಂಗೆ ಏನಾಗಿತ್ತು ಅಂತ ನಿಂಗೆ ಗೊತ್ತಿಲ್ಲ."

ಮಳೆಯಲ್ಲಿ ಬಿಚ್ಚದ ಕೊಡೆ ಹಿಡಿದು ನಿಂತ ಮುಖ ನಾನೂ ನೋಡಿದ್ದೆನಲ್ಲ. ಬರೀ ಅನುಮಾನದ ಗಂಡನಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಹೆದರಿದವರ ಹತ್ತಿರ ಹೇಗೆ ಜಗಳವಾಡುವುದು?

ಫೋನೇನೋ ತಣ್ಣಗಾಯಿತು. ಇವರು ತಣ್ಣಗಾಗಲಿಲ್ಲ. ಲೊಕೇಶನ್ ಮತ್ತೆ ಆನ್ ಮಾಡು ಅಂತ ಕೇಳಲೂ ಇಲ್ಲ. ಆದರೆ ಮುಂದಿನ ಸಲ ಸಾಗರಕ್ಕೆ ಹೋದಾಗ ಬಸ್ಸು ಹತ್ತಿದ್ಯಾ, ಇಳಿದ್ಯಾ, ಅಂಗಡಿ ಮುಟ್ಟಿದ್ಯಾ ಅಂತ ಒಂದರ ಹಿಂದೊಂದು ಫೋನು. ನೆಟ್‌ವರ್ಕ್ ಇಲ್ಲದ ಕಡೆ ಎತ್ತಲಾಗದಿದ್ದರೆ ಆಮೇಲೆ ಬರುವ ದನಿಯೇ ಬೇರೆ, ನಡುಗುವ ದನಿ. ಶೇಂಗಾ ಪೊಟ್ಟಣ ಬಿಚ್ಚಲೂ ಪುರಸೊತ್ತಾಗಲಿಲ್ಲ. ಮಾತಾಡಿ ಮಾತಾಡಿ ಫೋನು ಮತ್ತೆ ಬಿಸಿಯಾಗಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಕೂತು, ಸೆಟ್ಟಿಂಗ್ ಹುಡುಕಿ ನಾನೇ ಲೊಕೇಶನ್ ಆನ್ ಮಾಡಿ ಇವರಿಗೆ ಕಳಿಸಿದೆ. ಫೋನು ಬರುವುದು ಅಲ್ಲಿಗೆ ನಿಂತಿತು. ಹೊಸನಗರದಲ್ಲಿ ಇಳಿದರೆ ಸ್ಕೂಟರ್ ನಿಂತಿತ್ತು. ಇವರ ಮುಖ ಅರಳಿತ್ತು. "ಸರಿಯಾಗಿ ಬಂದ್ರಲ್ಲ" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

ಅದಾದ ಮೇಲೆ ಒಂದು ಸಲ ಕೆರೆ ದಂಡೆಯ ಮೇಲೆ ಕೂತು ನೋಡಿದೆ. ನೀರು ಅದೇ, ಗಾಳಿ ಅದೇ. ಆದರೆ ಹೊಸನಗರದಲ್ಲಿ ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂತು ಇವರು ನೋಡುತ್ತಿದ್ದಾರೆ, ಇಷ್ಟು ಹೊತ್ತಾಯಿತು ಇನ್ನೂ ಎದ್ದಿಲ್ಲ ಅಂದುಕೊಳ್ಳುತ್ತಿದ್ದಾರೆ ಅನ್ನಿಸಿತು. ಶೇಂಗಾ ಅರ್ಧಕ್ಕೇ ಬಿಟ್ಟು ಎದ್ದೆ.

ಈಗ ಲೈನಿಂಗು, ದಾರ ಎಲ್ಲ ಹೊಸನಗರದಲ್ಲೇ ತರುತ್ತೇನೆ. ಸಾಗರಕ್ಕೆ ಹೋಗಬೇಡ ಅಂತ ಇವರು ಒಂದು ದಿನವೂ ಅಂದವರಲ್ಲ.