ಅಜ್ಜಿ ಹೇಳದೆ ಏಳದ ಹುಡುಗಿ

ಇಪ್ಪತ್ತೊಂದು ಮಕ್ಕಳು ಬರಿಗಾಲಲ್ಲಿ ನೆಲದ ಮೇಲೆ ಕೂತಿದ್ದರು. ಅವರ ಬೆನ್ನ ಹಿಂದೆ ಕೊಳಕುಮಂಡಲ ಹಾವಿತ್ತು. ಅದೇ ಕೋಣೆಯಲ್ಲಿದ್ದ ನನಗೆ ಅದು ಕಾಣಲಿಲ್ಲ. ಕಂಡದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದಷ್ಟು ದೂರದ ಇನ್ನೊಂದು ಶಾಲೆಯಲ್ಲಿ ಕೂತಿದ್ದ ಒಬ್ಬ ಹುಡುಗಿಗೆ.

ಈಗಲೂ ಕಡೂರಿನಲ್ಲಿ ಬಸ್ ಹತ್ತಿದರೆ ಕೂರುವ ಮುಂಚೆ ಸೀಟಿನ ಕೆಳಗೆ ಬಗ್ಗಿ ನೋಡುತ್ತೇನೆ. ಪಕ್ಕದವರು "ಏನಾದ್ರೂ ಬಿದ್ದೋಯ್ತೇನ್ರೀ?" ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಏನೂ ಬಿದ್ದಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಐದು ನಿಮಿಷ ದಿನಕ್ಕೆ ಒಂದು ಸಲವಾದರೂ ನನ್ನೊಳಗೆ ಮೊದಲಿನಿಂದ ನಡೆಯುತ್ತದೆ. ಬರೆದರೆ ನಿಲ್ಲಬಹುದೇನೋ ಅಂತ ಬರೆಯುತ್ತಿದ್ದೇನೆ.

ನಾನು ಇಂಗ್ಲಿಷ್ ಎಂ.ಎ. ಮಾಡಿದವಳು. ಪಂಚನಹಳ್ಳಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಎರಡನೇ ಭಾಷೆ. ಪರೀಕ್ಷೆಯಲ್ಲಿ ಬರೆಯುತ್ತಾರೆ, ಬಾಯಿ ತೆರೆಯುವುದಿಲ್ಲ. ಅಜ್ಜಂಪುರದಲ್ಲಿ ನಡೆದ ಒಂದು ತರಬೇತಿಯಲ್ಲಿ ಊಟದ ಸಾಲಿನಲ್ಲಿ ನಿಂತಾಗ ಈ ಮಾತನ್ನು ಮುಂದೆ ನಿಂತಿದ್ದ ಮೇಷ್ಟ್ರ ಹತ್ತಿರ ತೋಡಿಕೊಂಡೆ. ಅವರು ತರೀಕೆರೆಯವರು, ಲಿಂಗದಹಳ್ಳಿ ಆಚೆ ಕಾಡಂಚಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾರೆ.

"ನಮ್ ಮುಂದೆ ಯಾಕ್ ಮಾತಾಡ್ತಾರೆ ಮೇಡಂ? ನಮಗೆ ಕನ್ನಡ ಬತ್ತದೆ ಅಂತ ಅವುಕ್ಕೆ ಗೊತ್ತು," ಅಂದರು ಮೇಷ್ಟ್ರು. "ಕಾಣದೋರ ಜೊತೆ ಮಾತಾಡೋ ಆಸೆ ಹುಟ್ಟಿಸ್ಬೇಕು. ನಿಮ್ಮಲ್ಲಿ ಕಂಪ್ಯೂಟರ್ ಐತಲ್ಲ?"

"ಐತೆ. ಬಟ್ಟೆ ಹೊದ್ಸಿ ಬೀಗ ಹಾಕವ್ರೆ."

"ಬಟ್ಟೆ ತೆಗೀರಿ ಮತ್ತೆ!"

ಹಾಗೆ ಶುರುವಾಯಿತು. ವಾರಕ್ಕೊಂದು ದಿನ ನಲವತ್ತು ನಿಮಿಷ ನಮ್ಮ ಎಂಟನೇ ಕ್ಲಾಸು ಅವರ ಎಂಟನೇ ಕ್ಲಾಸಿನ ಜೊತೆ ಪರದೆಯ ಮೇಲೆ ಮಾತಾಡುವುದು. ಆ ನಲವತ್ತು ನಿಮಿಷ ಎರಡೂ ಕಡೆ ಕನ್ನಡ ಆಡುವಂತಿಲ್ಲ. ಒಂದು ಕಡೆಯವರು ಮಾತಾಡುವಾಗ ಇನ್ನೊಂದು ಕಡೆಯವರು ಬಾಯಿ ಹಾಕುವಂತಿಲ್ಲ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಸ್ಪೀಕರ್‌ನಲ್ಲಿ ಗದ್ದಲ ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಸರದಿ ಕಾಯುವ ಕೆಲಸ ನನ್ನದು. ಮೌಸ್ ಸದಾ ನನ್ನ ಕೈಯಲ್ಲಿರುತ್ತಿತ್ತು. ಸರದಿ ತಪ್ಪಿಸಿದವರ ದನಿಯನ್ನು ಒಂದು ಗುಂಡಿ ಒತ್ತಿ ಆಫ್ ಮಾಡಿಬಿಡುತ್ತಿದ್ದೆ. ಮೇಷ್ಟ್ರಿಗೆ ಬೇರೆಯೇ ಕೆಲಸ. ಅವರ ಶಾಲೆಯಲ್ಲಿ ನೆಟ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಅವರು ಅಲ್ಲಿ ಮೊಬೈಲ್ ಎತ್ತಿ ಹಿಡಿದು, ಒಳಗಿನ ಕಂಪ್ಯೂಟರಿಗೆ ಅದರಿಂದ ನೆಟ್ ಕೊಟ್ಟು, ನಲವತ್ತು ನಿಮಿಷವೂ ಕಂಬದ ಹಾಗೆ ನಿಂತಿರುತ್ತಿದ್ದರು. ತಮ್ಮ ಮಕ್ಕಳ ಪಾಠವನ್ನು ಅವರು ಕಿಟಕಿಯಲ್ಲಿ ಕೇಳಿಸಿಕೊಂಡಿದ್ದೇ ಹೊರತು ಕಣ್ಣಿಂದ ನೋಡಿದ್ದು ಕಡಿಮೆ.

ಮೊದಲ ವಾರ "ಮೈ ನೇಮ್ ಈಸ್" ಮುಗಿದ ಮೇಲೆ ಎರಡೂ ಕಡೆ ಮೌನ. ಮೂರನೇ ವಾರಕ್ಕೆ ನಮ್ಮವರು ಕೇಳಿದರು, ನಿಮ್ಮೂರಿಗೆ ಆನೆ ಬರುತ್ತದಾ? ಅವರು ಕೇಳಿದರು, ನಿಮ್ಮೂರಲ್ಲಿ ಬೋರ್‌ವೆಲ್ ಎಷ್ಟು ಆಳ? ಉತ್ತರ ಹೇಳಲು ಪದ ಸಾಲದೆ ನಮ್ಮ ಹುಡುಗನೊಬ್ಬ ಎದ್ದು ನಿಂತು ನೆಲ ತೋರಿಸಿ "ಡೌನ್, ಡೌನ್, ಡೌನ್, ಡೌನ್" ಅಂತ ಉಸಿರು ಕಟ್ಟುವವರೆಗೂ ಹೇಳಿದ. ಆಚೆಯವರು ಚಪ್ಪಾಳೆ ತಟ್ಟಿದರು. ಆಮೇಲೆ ಮಕ್ಕಳು ತಮ್ಮ ಮಾತನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ತಾವೇ ಕೇಳುವುದನ್ನು ಕಲಿತರು. "ಥೂ, ನನ್ ದನಿ ಹಿಂಗೈತಾ!" ಅಂತ ನಾಚಿಕೊಂಡು ಮತ್ತೆ ಹೇಳುವುದು, ಮತ್ತೆ ಕೇಳುವುದು. ಒಂದೇ ವಾಕ್ಯವನ್ನು ಹತ್ತು ಸಲ ಹೇಳಿಸಲು ನಾನು ಬೆತ್ತ ಹಿಡಿದರೂ ಆಗದಿದ್ದದ್ದು ತಾನಾಗಿ ಆಗುತ್ತಿತ್ತು. ಯಂತ್ರ ಯಾರನ್ನೂ ನೋಡಿ ನಗುವುದಿಲ್ಲ, ಬೇಸರಪಡುವುದಿಲ್ಲ. ಅದರ ಬಗ್ಗೆ ನನಗಿರುವ ಗೌರವ ಅವತ್ತಿನಿಂದಲೂ ಕಡಿಮೆಯಾಗಿಲ್ಲ.

ಕೊನೆಯ ಹತ್ತು ನಿಮಿಷ ಆಟ. ಒಂದು ಕಡೆಯವರು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವುದು, ಇನ್ನೊಂದು ಕಡೆಯವರು ಮಾಡಿ ತೋರಿಸುವುದು. ಆದರೆ ಅಪ್ಪಣೆಯ ಮುಂದೆ "ಅಜ್ಜಿ ಸೇಸ್" ಅಂತ ಇದ್ದರೆ ಮಾತ್ರ ಮಾಡಬೇಕು. ಬರೀ "ಸ್ಟ್ಯಾಂಡ್ ಅಪ್" ಅಂದಾಗ ಎದ್ದವರು ಔಟ್. ಅಜ್ಜಿಯನ್ನು ಸೇರಿಸಿದ್ದು ಮಕ್ಕಳೇ. ಮನೆಯಲ್ಲಿ ಯಾರು ಹೇಳಿದರೆ ಕೆಲಸ ಆಗುತ್ತದೋ ಅವರನ್ನೇ ತಂದಿದ್ದರು.

ಈ ಆಟದಲ್ಲಿ ಒಮ್ಮೆಯೂ ಔಟ್ ಆಗದವಳು ನಮ್ಮ ಕ್ಲಾಸಿನ ಅತಿ ಚಿಕ್ಕ ಹುಡುಗಿ. ಕೆಂಪು ರಿಬ್ಬನ್ನಿನ ಎರಡು ಜಡೆ, ಯಾವಾಗಲೂ ಕೊನೆಯ ಸಾಲು. ಅಜ್ಜಿ ಹೇಳದಿದ್ದರೆ ಕೈ ಕಟ್ಟಿಕೊಂಡು, ಗಲ್ಲ ಮೇಲೆತ್ತಿ ಕೂತುಬಿಡುತ್ತಿದ್ದಳು. ಆಚೆ ಕಡೆ ಒಬ್ಬಳು ಉದ್ದನೆಯ ಹುಡುಗಿ ಇದ್ದಳು, ಅಡಿಕೆ ಮರ ಹತ್ತಿ ಗೊನೆ ಇಳಿಸುವವರ ಮಗಳು. ಎಷ್ಟೋ ವಾರ ಅವಳು ಹೆಸರು ಬಿಟ್ಟು ಬೇರೆ ಮಾತು ಆಡಿದ್ದಿಲ್ಲ. ಅವಳು ದಡ್ಡಿ ಎಂದೇ ನಾನು ತಿಳಿದಿದ್ದೆ.

ನಮ್ಮ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ಧೂಳಿಗೆ ಕಂಪ್ಯೂಟರ್ ಕೆಡುತ್ತದೆ ಅಂತ ಎಲ್ಲರೂ ಹೊರಗೆ ಬಿಟ್ಟು, ಜಮಖಾನದ ಮೇಲೆ ನಾಲ್ಕು ಸಾಲಾಗಿ ಕೂರುತ್ತಿದ್ದರು. ಮುಂದಿನ ಗೋಡೆಯಲ್ಲಿ ಟಿವಿ, ಅದರ ನೆತ್ತಿಯ ಮೇಲೆ ಕ್ಯಾಮೆರಾ, ಪಕ್ಕದಲ್ಲೇ ಬಾಗಿಲು. ಹಿಂದಿನ ಮೂಲೆಯಲ್ಲಿ ಯುಪಿಎಸ್ ಬ್ಯಾಟರಿಗಳ ಕಬ್ಬಿಣದ ಸ್ಟ್ಯಾಂಡ್. ಆ ಗೋಡೆಯ ಆಚೆಗೆ ಬಿಸಿಯೂಟದ ಅಕ್ಕಿ ಬೇಳೆ ಇಡುವ ಕೋಣೆ. ವೈರ್ ಎಳೆಯಲು ಕೊರೆದ ತೂತು ದೊಡ್ಡದಾಗಿತ್ತು, ಅದಕ್ಕೆ ಹಳೇ ಪ್ರಶ್ನೆಪತ್ರಿಕೆ ತುರುಕಿದ್ದೆವು. ಅಕ್ಕಿಗೆ ಇಲಿ ಬಂದಿತ್ತು. ಇಲಿಗೆ ಯಾರು ಬರುತ್ತಾರೆ ಅನ್ನುವುದು ನಮ್ಮ ಯಾರ ತಲೆಗೂ ಹೋಗಲಿಲ್ಲ.

ಅವತ್ತು ಅಪ್ಪಣೆ ಕೊಡುವ ಸರದಿ ನಮ್ಮದು. ನಾನು ಟಿವಿಯ ಪಕ್ಕದ ಮೇಜಿನಲ್ಲಿ, ಮಕ್ಕಳಿಗೆ ಅರ್ಧ ಬೆನ್ನು ಹಾಕಿ, ಕಂಪ್ಯೂಟರ್ ನೋಡುತ್ತ ಕೂತಿದ್ದೆ. ನಮ್ಮ ಹುಡುಗ "ಅಜ್ಜಿ ಸೇಸ್, ಟಚ್ ಯುವರ್ ನೋಸ್" ಅಂದ. ಆಚೆ ಎಲ್ಲರೂ ಮೂಗು ಮುಟ್ಟಿದರು. ಉದ್ದನೆಯ ಹುಡುಗಿ ಮುಟ್ಟಲಿಲ್ಲ. ಎದ್ದು ನೇರ ಕ್ಯಾಮೆರಾ ಹತ್ತಿರ ಬಂದಳು.

"ಮಿಸ್. ಪ್ಲೀಸ್ ಮಿಸ್. ಮೈ ಟರ್ನ್."

"ನೋ. ನಾಟ್ ಯುವರ್ ಟರ್ನ್. ಸಿಟ್ ಡೌನ್," ಅಂದೆ.

ನಮ್ಮವರು "ಔಟ್! ಔಟ್!" ಅಂತ ಕೂಗಿದರು.

"ಮಿಸ್, ಪ್ಲೀಸ್..."

ಅವರ ದನಿಯನ್ನು ಆಫ್ ಮಾಡಿದೆ.

ಇಷ್ಟು ತಿಂಗಳು ಮಾತಾಡದ ಹುಡುಗಿ ಮಾತಾಡಿದಳು, ನಾನು ಅವಳ ಬಾಯಿ ಮುಚ್ಚಿದೆ. ಎಷ್ಟು ಹೊತ್ತು? ನಾಲ್ಕು ಉಸಿರು ಇರಬಹುದು, ಐದು ಇರಬಹುದು. ಅವಳು ಹಿಂದಕ್ಕೆ ಹೋಗಲಿಲ್ಲ. ದನಿಯಿಲ್ಲದೆ ತುಟಿ ಆಡುತ್ತಲೇ ಇತ್ತು. ಒಂದು ಅಂಗೈಯನ್ನು ಎದೆಯ ಮಟ್ಟದಲ್ಲಿ ಕೆಳಮುಖವಾಗಿ ಹಿಡಿದು, ಬಾವಿಯ ಕಟ್ಟೆಯ ಮೇಲೆ ಹತ್ತಿದ ಕೂಸಿಗೆ ಅಲ್ಲಾಡಬೇಡ ಅನ್ನುವ ಹಾಗೆ ಮೆಲ್ಲಗೆ ಒತ್ತುತ್ತಿದ್ದಳು. ಮುಖ ನೋಡಿದೆ. ಅದು ಆಟದ ಮುಖವಲ್ಲ. ದನಿ ಆನ್ ಮಾಡಿದೆ.

"...ಸೀ ಯುವರ್ ಸ್ಮಾಲ್ ಪಿಕ್ಚರ್ ಮಿಸ್. ಬ್ಯಾಟರಿ ಸೈಡ್. ಡೋಂಟ್ ಟೆಲ್ ಚಿಲ್ಡ್ರನ್."

ಔಟ್ ಔಟ್ ಅನ್ನುವ ಗದ್ದಲದಲ್ಲಿ ನಮ್ಮ ಮಕ್ಕಳಿಗೆ ಇದು ಕೇಳಿಸಲಿಲ್ಲ. ನಮ್ಮ ಕೋಣೆಯ ಚಿತ್ರ ನಮಗೆ ಪರದೆಯ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಕಾಣುತ್ತದೆ. ಅವರಿಗೆ ಅದೇ ಚಿತ್ರ ಪ್ರೊಜೆಕ್ಟರ್‌ನಿಂದ ಗೋಡೆ ತುಂಬ. ನಾನು ಹೆಬ್ಬೆಟ್ಟಿನೊಳಗೆ ಕಣ್ಣಿಟ್ಟೆ. ಕೊನೆಯ ಸಾಲಿನ ಹಿಂದೆ ಹಳೇ ಸೈಕಲ್ ಟೈರಿನ ತುಂಡಿನಂಥದ್ದು. ತಿರುಗಿ ನೋಡಿದೆ. ಮೈ ತುಂಬ ಸರಪಳಿಯಂಥ ಮಚ್ಚೆ. ಕೆಂಪು ರಿಬ್ಬನ್ನಿನವಳಿಗೆ ಒಂದು ಮೊಳ ದೂರ.

"ಹಾವು" ಅನ್ನುವ ಎರಡಕ್ಷರ ನನ್ನ ಗಂಟಲಿಗೆ ಬಂದಿತ್ತು. ಅಂದಿದ್ದರೆ ಇಪ್ಪತ್ತೊಂದು ಮಕ್ಕಳು ಒಟ್ಟಿಗೆ ನೆಗೆಯುತ್ತಿದ್ದರು, ಯಾರ ಕಾಲು ಎಲ್ಲಿಗೋ. ಅನ್ನದೆ ಇದ್ದರೆ? ಮೆಲ್ಲಗೆ ಎದ್ದು ನಿಂತೆ. ಅಷ್ಟರಲ್ಲಿ ಸ್ಪೀಕರ್ ಮಾತಾಡಿತು.

"ನೌ ಅವರ್ ಟರ್ನ್. ಅಜ್ಜಿ ಸೇಸ್, ನೋ ಲುಕಿಂಗ್ ಬ್ಯಾಕ್. ಅಜ್ಜಿ ಸೇಸ್, ಫಸ್ಟ್ ಲೈನ್ ಸ್ಟ್ಯಾಂಡ್ ಅಪ್. ಸ್ಲೋಲಿ, ಸ್ಲೋಲಿ. ಅಜ್ಜಿ ಸೇಸ್, ಗೋ ಔಟ್‌ಸೈಡ್."

ಮಕ್ಕಳಿಗೆ ಖುಷಿ. ಇಂಥ ಅಪ್ಪಣೆ ಹಿಂದೆ ಬಂದಿರಲಿಲ್ಲ. ಮೊದಲ ಸಾಲು ಬೇಕೆಂದೇ ಆಮೆಯ ಹಾಗೆ ನಡೆದು ಬಾಗಿಲು ದಾಟಿತು. ಎರಡನೇ ಸಾಲು. ಮೂರನೇ ಸಾಲು. ಅವಳ ದನಿ ಒಂದೇ ಸಮ, ಒಂದು ಪದವೂ ಏರಲಿಲ್ಲ. ಯುಪಿಎಸ್ ಫ್ಯಾನಿನ ಗದ್ದಲದ ನಡುವೆ ಬುಸ್ ಎಂಬ ಸದ್ದು ನನಗೊಬ್ಬಳಿಗೇ ಕೇಳಿಸುತ್ತಿತ್ತು.

"ಲಾಸ್ಟ್ ಲೈನ್, ಸ್ಟ್ಯಾಂಡ್ ಅಪ್. ಕಮ್ ಫ್ರಂಟ್."

ಐವರಲ್ಲಿ ನಾಲ್ವರು ಎದ್ದು ಬಂದರು. ಬಾಗಿಲಾಚೆ ನಿಂತವರು ಕುಣಿದರು. "ಔಟ್ ಕಣ್ರೋ! ಅಜ್ಜಿ ಹೇಳ್ಲಿಲ್ಲ! ನಾಕ್ ಜನ ಔಟ್!"

ಚಿಕ್ಕವಳು ಕೂತೇ ಇದ್ದಳು. ಕೈ ಕಟ್ಟಿ, ಗಲ್ಲ ಎತ್ತಿ, ನಗುತ್ತ. ಅಜ್ಜಿ ಹೇಳಿರಲಿಲ್ಲವಲ್ಲ. ಅವಳ ಹಿಂದೆ ಅದು ಕಚ್ಚಲು ಸಜ್ಜಾದಂತೆ ತಲೆಯನ್ನು ಸುರುಳಿಯ ಒಳಕ್ಕೆ ಎಳೆದುಕೊಂಡಿತು.

ಸ್ಪೀಕರಿನಲ್ಲಿ ಮತ್ತೆ ಅದೇ ದನಿ.

"ಅಜ್ಜಿ ಸೇಸ್, ರೆಡ್ ರಿಬ್ಬನ್, ವೆರಿ ಗುಡ್. ಅಜ್ಜಿ ಸೇಸ್, ಸ್ಟ್ಯಾಂಡ್ ಅಪ್. ಸ್ಲೋಲಿ. ಅಜ್ಜಿ ಸೇಸ್, ಕಮ್ ಟು ಮಿಸ್. ಅಜ್ಜಿ ಸೇಸ್, ಹೋಲ್ಡ್ ಮಿಸ್ ಹ್ಯಾಂಡ್."

ಅವಳು ಎದ್ದಳು, ಲಂಗ ಕೊಡವದೆ, ಹಿಂದೆ ನೋಡದೆ. ಆರು ಹೆಜ್ಜೆ ನಡೆದು ಬಂದು ಪುಟ್ಟ ಕೈಯನ್ನು ನನ್ನ ಕೈಯಲ್ಲಿಟ್ಟಳು. "ಐ ಆಮ್ ವಿನ್ನರ್ ಮಿಸ್," ಅಂದಳು.

ಹೊಸ್ತಿಲು ದಾಟುವಾಗ ಪರದೆಯಿಂದ ಅವತ್ತಿನ ಮೊದಲ ಕನ್ನಡ ಬಂತು. ಉದ್ದನೆಯ ಹುಡುಗಿ ಈಗ ಚೀರಿದ್ದಳು: "ಬಾಗ್ಲು ಹಾಕ್ಕಳಿ ಮಿಸ್!"

ಹಾವು ಹಿಡಿಯುವವರು ಬಂದು ಅದನ್ನು ಡ್ರಮ್ಮಿಗೆ ಹಾಕಿಕೊಂಡು ದೂರ ಒಯ್ದರು. ಅಡುಗೆಯಮ್ಮ "ಅಲ್ಲ ಮಿಸ್, ಇಷ್ಟ್ ದಿನ ಅದುಕ್ಕೂ ಇಂಗ್ಲಿಷ್ ಹೇಳ್ಕೊಡ್ತಿದ್ರಾ?" ಅಂತ ನಗಿಸಲು ನೋಡಿದರು. ನಾನು ಅಂಗಳದಲ್ಲಿ ಮಕ್ಕಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ತೂತಿಗೆ ಸಿಮೆಂಟ್ ಬಿತ್ತು. ಚಪ್ಪಲಿ ಒಳಗೆ ಬಂತು. ಹೆಡ್‌ಮಾಸ್ಟರು ಪೋಷಕರನ್ನು ಕರೆಸಿ, ಈ ಕೋಣೆಯೇ ಬೇಡ ಅನ್ನುವುದಾದರೆ ಮುಚ್ಚಿಬಿಡುತ್ತೇವೆ ಅಂದರು. ಕೆಂಪು ರಿಬ್ಬನ್ನಿನವಳ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು.

"ಹಾವು ಗೋಡೆಯಿಂದ ಬಂತು ಸಾ. ಉಳ್ಸಿದ ದನಿ ಪೆಟ್ಟಿಗೆಯಿಂದ ಬಂತು. ಪೆಟ್ಟಿಗೆ ಯಾಕ್ ಮುಚ್ತೀರಾ?"

ಮುಂದಿನ ಶನಿವಾರ ಶಾಲೆ ಬಿಟ್ಟ ಕೂಡಲೇ ಕಡೂರು, ತರೀಕೆರೆ ದಾಟಿ ಲಿಂಗದಹಳ್ಳಿ ಕಡೆಗೆ ಹೋದೆ. ಶಾಲೆಯ ಗೇಟಿನ ಹತ್ತಿರ ಮೇಷ್ಟ್ರು ಆ ಉದ್ದನೆಯ ಹುಡುಗಿಯನ್ನು ನಿಲ್ಲಿಸಿಕೊಂಡಿದ್ದರು. ಪರದೆಯಲ್ಲಿ ಕಾಣುವುದಕ್ಕಿಂತ ತೆಳ್ಳಗಿದ್ದಳು.

"ಒಳಗೆ ಇಷ್ಟೆಲ್ಲ ಆಗ್ತಿದ್ರೂ ನಾನು ಹೊರಗೆ ಮೊಬೈಲ್ ಹಿಡ್ಕಂಡ್ ನಿಂತಿದ್ದೆ ಮೇಡಂ," ಅಂದರು ಮೇಷ್ಟ್ರು. "ಇವ್ಳ ಪಕ್ಕದೋನು ಕಿರುಚಕ್ಕೆ ಹೋದ್ನಂತೆ. 'ಬಾಯ್ ಮುಚ್ಕಳೋ ಲೇ' ಅಂತ ತೊಡೆ ಚಿವುಟಿ ಎದ್ದವ್ಳೆ."

ಮೊದಲ ಸಾಲನ್ನು ಮೊದಲು ಏಕೆ ಕಳಿಸಿದೆ ಅಂತ ಅವಳನ್ನೇ ಕೇಳಿದೆ.

"ಮುಂದಿನೋರು ಜಾಗ ಬಿಡ್ದೆ ಹಿಂದಿನೋರು ಹೆಂಗ್ ಬತ್ತಾರೆ ಮಿಸ್? ತುಳ್ದಾಡ್ತಾರೆ. ಅದು ತಾನಾಗಿ ಮೇಲ್ ಬೀಳಲ್ಲ, ತುಳಿದ್ರೇನೇ." ಕಾಲಿನ ಹೆಬ್ಬೆರಳಿನಲ್ಲಿ ಮಣ್ಣು ಕೆದಕುತ್ತ ಹೇಳಿದಳು. "ನಂಗೂ ಭಯ ಆಗಿತ್ತು. ಕನ್ನಡದಲ್ಲಾಗಿದ್ರೆ ಕಿರುಚ್ಬಿಡ್ತಿದ್ದೆ. ಇಂಗ್ಲಿಷಲ್ಲಿ ಕಿರುಚೋದು ನೀವಿನ್ನೂ ಹೇಳ್ಕೊಟ್ಟಿಲ್ವಲ್ಲ."

ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಅಷ್ಟು ದೂರ ಬಂದದ್ದೇ ಒಂದು ಮಾತು ಹೇಳುವುದಕ್ಕೆ. "ನೀನು ಮಾತಾಡುವಾಗ ನಾನು ನಿನ್ನ ದನಿ ಆಫ್ ಮಾಡ್ಬಿಟ್ಟೆ ಕಣಮ್ಮ. ನಾನೇ ಮಾಡಿದ್ದು."

ಅವಳು ತಲೆಯೆತ್ತಿದಳು. "ಹೌದಾ? ನಂಗೆ ಗೊತ್ತಾಗ್ಲಿಲ್ಲ. ನೆಟ್ ಹೋಯ್ತೇನೋ ಅಂದ್ಕಂಡೆ. ಇಲ್ಲಿ ಹಂಗೇ ಹೋಗಿ ಬತ್ತಿರ್ತದೆ, ಅದುಕ್ಕೇ ಬಿಡ್ದೆ ಹೇಳ್ತಾನೇ ಇದ್ದೆ."

ಅವಳು ಮೇಷ್ಟ್ರ ಮುಖ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಹಂಗಾರೆ ಬರೋ ವಾರ ಮೊದ್ಲು ಟರ್ನ್ ನಮಗೆ ಕೊಡಿ ಮಿಸ್."

ಕೊಟ್ಟೆ. ಅವಳು ಶುರು ಮಾಡಿದ ಮೇಲೆ ನಿಲ್ಲಿಸಲೇ ಇಲ್ಲ. ನಮ್ಮ ಮಕ್ಕಳು "ಮಿಸ್, ನಮ್ ಟರ್ನ್ ಯಾವಾಗ, ಆಫ್ ಮಾಡಿ ಮಿಸ್" ಅಂತ ಗೋಳಾಡಿದರು. ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವಳು ಹೇಳಿದಂತೆಲ್ಲ ಮೂಗು ಮುಟ್ಟಿದೆ, ಕಿವಿ ಹಿಡಿದೆ, ಎದ್ದು ನಿಂತೆ.